ಹಾಜರಿ ಪುಸ್ತಕವೂ ಯುದ್ಧಭೂಮಿಯೂ



'ದೇಶ ಸುತ್ತು, ಕೋಶ ಓದು' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ನಾನು ನಿಮಗೆ ಎಷ್ಟು ಪರೀಕ್ಷೆಗಳಲ್ಲಿ ಕೇಳಿದ್ದೇನೆಯೋ ಲೆಕ್ಕವಿಲ್ಲ. ಪರದೇಶದಲ್ಲಿ ವಿದ್ಯಾಭ್ಯಾಸ ಮಾಡುವವರಿಗೆ ಈ ಎರಡೂ ಏಕಕಾಲಕ್ಕೆ ಒದಗುತ್ತವೆ. ಆದರೆ ಸುತ್ತಲು ಹೋದ ದೇಶಕ್ಕೇ ಆಪತ್ತು ಬಂದೆರಗಿದರೆ ಓದುವ ಮಕ್ಕಳು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ನಾನು ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಕೇಳಿರಲಿಲ್ಲ. ೨೦೨೨ರ ಫೆಬ್ರವರಿಯಲ್ಲಿ ಆ ಪ್ರಶ್ನೆಯನ್ನು ಬೇರೊಬ್ಬರು ನನಗೇ ಕೇಳಿದರು. ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಬೋಧಿಸಿದವನು ತನ್ನ ತಪ್ಪನ್ನು ಇತಿಹಾಸದ ಪಾಠವನ್ನಾಗಿ ಮಾಡಿಕೊಳ್ಳದಿದ್ದರೆ ಹೇಗೆ? ಆ ಕಾರಣಕ್ಕಾಗಿ ಈ ಬರಹ.

ಆ ತಿಂಗಳ ಮೂರನೆಯ ವಾರದಲ್ಲಿ, ಒಂದು ಸಂಜೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂತು. ಅವನ ಮಗಳು ಉಕ್ರೇನಿನ ಪೂರ್ವಭಾಗದ ನಗರವೊಂದರಲ್ಲಿ ವೈದ್ಯಕೀಯ ಓದುತ್ತಿದ್ದಳು. "ಸರ್, ರಾಯಭಾರ ಕಚೇರಿಯವರು ಅನಿವಾರ್ಯವಿಲ್ಲದವರು ಹೊರಡುವುದು ಒಳ್ಳೆಯದು ಅಂತ ಹೇಳಿದ್ದಾರೆ. ಕಾಲೇಜಿನವರು ತರಗತಿ ನಡೆಯುತ್ತದೆ, ಬಿಟ್ಟುಹೋದರೆ ಹಾಜರಾತಿ ಸಿಗುವುದಿಲ್ಲ ಅಂತಾರೆ. ಏನು ಮಾಡಲಿ, ನೀವೇ ಹೇಳಿ" ಎಂದ. ನಾನು ಕ್ಷಣಕಾಲ ಯೋಚಿಸಿ, "ಕಾಲೇಜಿನವರು ಅಲ್ಲಿಯೇ ಇರುವವರಪ್ಪಾ, ಪರಿಸ್ಥಿತಿ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ತರಗತಿ ತಪ್ಪಿಸುವುದು ಬೇಡ, ಇನ್ನೊಂದು ವಾರ ನೋಡು" ಎಂದೆ. ಹಾಜರಿ ಪುಸ್ತಕವನ್ನು ದೇವರ ಪುಸ್ತಕದಂತೆ ಕಂಡವನ ಬಾಯಿಂದ ಬೇರೆ ಮಾತು ಬರುವುದು ಸಾಧ್ಯವಿರಲಿಲ್ಲ. ಆ ಒಂದು ವಾರದೊಳಗೆ ಯುದ್ಧ ಆರಂಭವಾಯಿತು.

ನಮ್ಮ ಮಕ್ಕಳು ಅಷ್ಟು ದೂರದ ಉಕ್ರೇನಿಗೆ ಹೋದದ್ದೇಕೆ ಎಂದು ಆಗ ಅನೇಕರು ಅಚ್ಚರಿಪಟ್ಟರು. ಇತಿಹಾಸ ಬಲ್ಲವರಿಗೆ ಅದು ಹೊಸ ಸಂಗತಿಯಲ್ಲ. ಸೋವಿಯತ್ ಒಕ್ಕೂಟದ ಕಾಲದಿಂದಲೂ ಭಾರತದ ವಿದ್ಯಾರ್ಥಿಗಳು ಆ ಭಾಗದ ವಿಶ್ವವಿದ್ಯಾಲಯಗಳಿಗೆ ಹೋಗುತ್ತಿದ್ದರು. ೧೯೯೧ರಲ್ಲಿ ಉಕ್ರೇನ್ ಸ್ವತಂತ್ರವಾದ ಮೇಲೂ ಆ ದಾರಿ ಮುಚ್ಚಲಿಲ್ಲ. ನಮ್ಮಲ್ಲಿ ಸರ್ಕಾರಿ ವೈದ್ಯಕೀಯ ಸೀಟುಗಳು ಆಕಾಂಕ್ಷಿಗಳ ಸಂಖ್ಯೆಗೆ ಹೋಲಿಸಿದರೆ ತೀರ ಕಡಿಮೆ. ಖಾಸಗಿ ಕಾಲೇಜುಗಳ ಶುಲ್ಕವನ್ನು ಮಧ್ಯಮ ವರ್ಗದವರು ಹೊರಲಾರರು. ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದೂ ಸೀಟು ಸಿಗದವರಿಗೆ ಆರು ವರ್ಷಗಳ, ಇಂಗ್ಲಿಷ್ ಮಾಧ್ಯಮದ, ಕೈಗೆಟಕುವ ಶುಲ್ಕದ ಉಕ್ರೇನಿನ ಶಿಕ್ಷಣ ಒಂದು ಆಸರೆಯಾಗಿತ್ತು. ಹೊಲ ಅಡವಿಟ್ಟು ಮಗನನ್ನೋ ಮಗಳನ್ನೋ ಕಳುಹಿಸಿದ ತಂದೆತಾಯಿಗಳು ನಮ್ಮ ಸುತ್ತಮುತ್ತಲೇ ಇದ್ದಾರೆ. ಅಂಥವರಿಗೆ ಒಂದು ವರ್ಷ ಹಾಳಾಗುವುದೆಂದರೆ ಏನೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ದಿನಾಂಕಗಳನ್ನು ಕ್ರಮವಾಗಿ ನೋಡೋಣ. ಇತಿಹಾಸದಲ್ಲಿ ದಿನಾಂಕಗಳನ್ನು ಬಾಯಿಪಾಠ ಮಾಡಿಸುತ್ತಾರೆಂದು ನೀವು ನನ್ನನ್ನು ದೂರುತ್ತಿದ್ದಿರಿ. ಇಲ್ಲಿ ಪ್ರತಿಯೊಂದು ದಿನಾಂಕದ ಹಿಂದೆಯೂ ಸಾವಿರಾರು ಪ್ರಾಣಗಳಿದ್ದವು.

೨೦೨೨ರ ಜನವರಿಯಲ್ಲಿಯೇ ಕೀವ್ ನಗರದ ಭಾರತೀಯ ರಾಯಭಾರ ಕಚೇರಿಯು ಅಲ್ಲಿದ್ದ ಭಾರತೀಯರ ಹೆಸರು ನೋಂದಣಿಯನ್ನು ಆರಂಭಿಸಿತ್ತು. ಸುಮಾರು ೨೦,೦೦೦ ಮಂದಿ ಹೆಸರು ಬರೆಸಿದರು. ಅವರಲ್ಲಿ ಬಹುಪಾಲು ವಿದ್ಯಾರ್ಥಿಗಳು. ಫೆಬ್ರವರಿ ೧೫ರಂದು ಮೊದಲ ಸೂಚನೆ ಹೊರಟಿತು: ಇರುವುದು ಅನಿವಾರ್ಯವಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ದೇಶ ಬಿಡುವುದನ್ನು ಆಲೋಚಿಸಬಹುದು ಎಂಬುದು ಅದರ ತಾತ್ಪರ್ಯ. ವಿಧಿಯ ವಿಪರ್ಯಾಸವೆಂದರೆ, ಅದೇ ದಿನ ರಷ್ಯಾವು ತನ್ನ ಕೆಲವು ಪಡೆಗಳು ನೆಲೆಗಳಿಗೆ ಮರಳುತ್ತಿವೆ ಎಂದು ಪ್ರಕಟಿಸಿತು. ಒಂದು ಕಿವಿಗೆ 'ಹೊರಡಿ' ಎಂಬ ಮಾತು, ಇನ್ನೊಂದು ಕಿವಿಗೆ 'ಅಪಾಯ ಕಳೆಯಿತು' ಎಂಬ ಮಾತು. ಯಾವುದನ್ನು ನಂಬಬೇಕು? ಮನುಷ್ಯನು ತನಗೆ ಅನುಕೂಲವಾದುದನ್ನೇ ನಂಬುತ್ತಾನೆ.

ಫೆಬ್ರವರಿ ೧೭ರಂದು ಭಾರತ ಮತ್ತು ಉಕ್ರೇನ್ ನಡುವಿನ ವಿಮಾನಗಳ ಸಂಖ್ಯೆಯ ಮೇಲಿದ್ದ ಮಿತಿಯನ್ನು ನಮ್ಮ ಸರ್ಕಾರ ತೆಗೆದುಹಾಕಿತು. ಫೆಬ್ರವರಿ ೨೨, ೨೪ ಮತ್ತು ೨೬ರಂದು ಏರ್ ಇಂಡಿಯಾ ವಿಮಾನಗಳು ಹಾರುವುದೆಂದು ಪ್ರಕಟವಾಯಿತು. ೨೦ರಂದು ಮತ್ತೊಂದು ಸೂಚನೆ ಬಂದಿತು. ೨೨ರ ಸೂಚನೆಯಂತೂ, ವಿಶ್ವವಿದ್ಯಾಲಯಗಳು ಆನ್‌ಲೈನ್ ತರಗತಿ ನಡೆಸುವುದನ್ನು ಖಚಿತಪಡಿಸಲಿ ಎಂದು ಕಾಯದೆ ಹೊರಡಿರಿ ಎಂದು ಸ್ಪಷ್ಟವಾಗಿ ಹೇಳಿತು. ಆ ದಿನದ ಮೊದಲ ವಿಮಾನ ದೆಹಲಿ ತಲುಪಿತು. ೨೪ರ ಬೆಳಗಿನ ವಿಮಾನವು ಅರ್ಧದಾರಿಯಲ್ಲಿಯೇ ಹಿಂದಿರುಗಬೇಕಾಯಿತು. ಅಷ್ಟರಲ್ಲಿ ಆಕ್ರಮಣ ಆರಂಭವಾಗಿ ಉಕ್ರೇನಿನ ಆಕಾಶ ಮುಚ್ಚಿಹೋಗಿತ್ತು. ೨೩ರವರೆಗೆ ಹೊರಬಂದಿದ್ದವರು ಸುಮಾರು ೪,೦೦೦ ಮಂದಿ ಮಾತ್ರ.

ಮಿಕ್ಕವರು ಏಕೆ ಉಳಿದರು? ವಿದೇಶಾಂಗ ಸಚಿವ ಎಸ್. ಜೈಶಂಕರ್ ಅವರು ೨೦೨೨ರ ಮಾರ್ಚ್ ೧೫ರಂದು ಸಂಸತ್ತಿನಲ್ಲಿ ನೀಡಿದ ಹೇಳಿಕೆಯಲ್ಲಿ ಇದಕ್ಕೆ ಉತ್ತರವಿದೆ. ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳನ್ನು ಬಿಡಲು ಮನಸ್ಸು ಮಾಡಲಿಲ್ಲ, ಆನ್‌ಲೈನ್ ತರಗತಿಗೆ ಒಪ್ಪಲಿಲ್ಲ, ಪಡೆಗಳು ಹಿಂದೆ ಸರಿಯುತ್ತಿವೆ ಎಂಬ ಸುದ್ದಿಗಳು ಗೊಂದಲ ಹುಟ್ಟಿಸಿದವು, ಓದು ಕೆಡುವುದೆಂಬ ಅಂಜಿಕೆ ಸಹಜವಾಗಿತ್ತು ಎಂಬುದು ಅದರ ಸಾರ. ಅದನ್ನು ಪತ್ರಿಕೆಯಲ್ಲಿ ಓದಿದಾಗ ನನ್ನ ದೂರವಾಣಿ ಮಾತೇ ಅಚ್ಚಾದಂತೆ ಭಾಸವಾಯಿತು.

ಆಮೇಲಿನ ದಿನಗಳು ನಿಮಗೆ ನೆನಪಿರಬಹುದು. ಆಕಾಶ ಮುಚ್ಚಿದ ಮೇಲೆ ಉಳಿದದ್ದು ನೆಲದ ದಾರಿ. ಪಶ್ಚಿಮದ ಪೋಲೆಂಡ್, ಸ್ಲೊವಾಕಿಯಾ, ಹಂಗರಿ, ರೊಮೇನಿಯಾ, ಮೊಲ್ಡೊವಾ ಗಡಿಗಳನ್ನು ತಲುಪಿದವರಿಗೆ ಅಲ್ಲಿಂದ ವಿಮಾನ. ಫೆಬ್ರವರಿ ೨೫ರ ಸೂಚನೆಯಲ್ಲಿ ಪಾಸ್‌ಪೋರ್ಟ್, ಸಾಧ್ಯವಾದಷ್ಟೂ ಡಾಲರ್ ರೂಪದ ನಗದು, ಕೋವಿಡ್ ಲಸಿಕೆಯ ಪ್ರಮಾಣಪತ್ರ ಇಟ್ಟುಕೊಳ್ಳಿರಿ, ವಾಹನಗಳಿಗೆ ಭಾರತದ ಧ್ವಜದ ಚಿತ್ರವನ್ನು ಅಂಟಿಸಿರಿ ಎಂದು ಹೇಳಲಾಗಿತ್ತು. ೨೬ರಂದು ರೊಮೇನಿಯಾದ ಬುಕಾರೆಸ್ಟ್‌ನಿಂದ ೨೧೯ ಮಂದಿಯನ್ನು ಹೊತ್ತ ಮೊದಲ ವಿಮಾನ ಮುಂಬಯಿಗೆ ಬಂದಿಳಿಯಿತು. ಇದೇ 'ಆಪರೇಷನ್ ಗಂಗಾ'. ನಾಲ್ವರು ಕೇಂದ್ರ ಸಚಿವರು ಗಡಿ ದೇಶಗಳಿಗೆ ತೆರಳಿದರು.

ಪಶ್ಚಿಮ ಭಾಗದವರು ಹೀಗೆ ಪಾರಾದರು. ಪೂರ್ವದವರ ಪಾಡು ಬೇರೆ. ಹಾರ್ಕಿವ್ ನಗರವು ರಷ್ಯಾದ ಗಡಿಗೆ ನಲವತ್ತು ಕಿಲೋಮೀಟರಿನೊಳಗೆ ಇದೆ. ಅಲ್ಲಿಂದ ಪೋಲೆಂಡಿನ ಗಡಿಯ ಕಡೆಗೆ ಹೋಗಬೇಕಾದರೆ ಸುಮಾರು ಸಾವಿರ ಕಿಲೋಮೀಟರ್, ಅಂದರೆ ನಮ್ಮ ಬೆಂಗಳೂರಿನಿಂದ ಮುಂಬಯಿಗೆ ಹೋದಷ್ಟು ದೂರ. ಶೆಲ್ ಬೀಳುವ ನಗರದ ನೆಲಮಾಳಿಗೆಗಳಲ್ಲಿ, ಮೆಟ್ರೋ ನಿಲ್ದಾಣಗಳಲ್ಲಿ ಮಕ್ಕಳು ರಾತ್ರಿಗಳನ್ನು ಕಳೆದರು. ಮಾರ್ಚ್ ೧ರಂದು ಅದೇ ನಗರದಲ್ಲಿ ದಿನಸಿ ತರಲೆಂದು ಹೊರಗೆ ಹೋಗಿದ್ದ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ಆ ಹುಡುಗನ ಹೆಸರು ನಾಡಿಗೆಲ್ಲ ಗೊತ್ತಿದೆ, ನಾನು ಇಲ್ಲಿ ಬರೆಯುವುದಿಲ್ಲ. ಮೂರು ವಾರಗಳ ಅನಂತರ ಪಾರ್ಥಿವ ಶರೀರ ಊರಿಗೆ ಬಂದಾಗ ತಂದೆತಾಯಿಗಳು ಅದನ್ನು ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ವೈದ್ಯನಾಗಲು ಹೋದ ಮಗನ ದೇಹವನ್ನು ಮುಂದಿನ ವೈದ್ಯರು ಕಲಿಯಲೆಂದು ಕೊಟ್ಟ ಆ ದಂಪತಿಗಳಿಗೆ ಕೈಮುಗಿಯುವುದನ್ನು ಬಿಟ್ಟು ನನಗೆ ಬೇರೇನೂ ತೋಚಲಿಲ್ಲ.

ಮರುದಿನ, ಮಾರ್ಚ್ ೨ರಂದು, ಹಾರ್ಕಿವ್‌ನಲ್ಲಿದ್ದ ಭಾರತೀಯರೆಲ್ಲರೂ ಸಂಜೆ ೬ ಗಂಟೆಯೊಳಗೆ ಪೆಸೊಚಿನ್, ಬಾಬಾಯಿ ಅಥವಾ ಬೆಜ್‌ಲ್ಯುದೊವ್ಕಾ ಎಂಬ ಊರುಗಳನ್ನು ಸೇರಬೇಕು, ವಾಹನ ಸಿಗದಿದ್ದರೆ ನಡೆದೇ ಹೋಗಬೇಕು ಎಂದು ರಾಯಭಾರ ಕಚೇರಿ ಆದೇಶಿಸಿತು. ಇವು ನಗರದಿಂದ ಕ್ರಮವಾಗಿ ೧೧, ೧೨ ಮತ್ತು ೧೬ ಕಿಲೋಮೀಟರ್ ದೂರದ ಸ್ಥಳಗಳು. ಹಿಮದಲ್ಲಿ, ಬೆನ್ನ ಮೇಲೆ ಚೀಲ ಹೊತ್ತು, ನಮ್ಮ ಮಕ್ಕಳು ನಡೆದರು. ಆ ಮಕ್ಕಳ ಸಾಲಿನಲ್ಲಿ ನನ್ನ ವಿದ್ಯಾರ್ಥಿಯ ಮಗಳೂ ಇದ್ದಳು. ಎರಡು ದಿನ ಅವಳ ಫೋನ್ ಸಂಪರ್ಕಕ್ಕೆ ಸಿಗಲಿಲ್ಲ. ಆ ಎರಡು ರಾತ್ರಿ ಅವರ ಮನೆಯಲ್ಲಿ ಯಾರೂ ಮಲಗಲಿಲ್ಲ. ನಾನೂ ಮಲಗಲಿಲ್ಲವೆಂದು ಹೇಳಿಕೊಳ್ಳಲು ನನಗೆ ಯಾವ ಅಧಿಕಾರವೂ ಇಲ್ಲ.

ಮಾರ್ಚ್ ೩ರಂದು ರಕ್ಷಣಾ ಸಚಿವಾಲಯವು ಹೊರಡಿಸಿದ ಸೂಚನೆಗಳ ಪಟ್ಟಿಯನ್ನು ನಾನು ಹಲವು ಬಾರಿ ಓದಿದ್ದೇನೆ. ಹತ್ತು ಹತ್ತು ವಿದ್ಯಾರ್ಥಿಗಳ ಗುಂಪು ಮಾಡಿಕೊಳ್ಳಿರಿ, ಒಬ್ಬರಿಗೊಬ್ಬರು ಜೊತೆಗಾರರಾಗಿರಿ, ಗುಂಪಿನವರ ಹೆಸರುಗಳನ್ನು ಬರೆದಿಡಿರಿ, ಫೋನಿನ ಬ್ಯಾಟರಿ ಉಳಿಸಿರಿ, ಆಹಾರ ನೀರನ್ನು ಹಂಚಿಕೊಂಡು ಮಿತವಾಗಿ ಬಳಸಿರಿ, ನೀರಿಲ್ಲದಿದ್ದರೆ ಹಿಮವನ್ನು ಕರಗಿಸಿಕೊಳ್ಳಿರಿ, 'ನಾವು ಭಾರತದ ವಿದ್ಯಾರ್ಥಿಗಳು, ಹೋರಾಡುವವರಲ್ಲ' ಎಂಬಂಥ ಎರಡು ಮೂರು ವಾಕ್ಯಗಳನ್ನು ರಷ್ಯನ್ ಭಾಷೆಯಲ್ಲಿ ಕಲಿತಿರಿ, ಬೀಸಲು ಬಿಳಿಯ ಬಟ್ಟೆ ಇಟ್ಟುಕೊಳ್ಳಿರಿ ಎಂದೆಲ್ಲ ಅದರಲ್ಲಿತ್ತು. ಶಾಲಾ ಪ್ರವಾಸದಲ್ಲಿ ನಾವು ಹತ್ತು ಮಕ್ಕಳಿಗೊಬ್ಬ ನಾಯಕನನ್ನು ಮಾಡಿ, ಬಸ್ಸು ಹತ್ತುವಾಗಲೊಮ್ಮೆ ಇಳಿಯುವಾಗಲೊಮ್ಮೆ ತಲೆ ಎಣಿಸುತ್ತಿದ್ದುದು ನೆನಪಾಯಿತೇ? ಬೇಲೂರು ಹಳೇಬೀಡಿನ ಆ ವಿದ್ಯೆಯೇ ಹಾರ್ಕಿವ್‌ನಲ್ಲಿಯೂ ಬೇಕಾಯಿತು.

ಈಶಾನ್ಯದ ಸುಮಿ ನಗರದಲ್ಲಿ ಸುಮಾರು ೭೦೦ ವಿದ್ಯಾರ್ಥಿಗಳು ಎಲ್ಲರಿಗಿಂತ ಹೆಚ್ಚು ಕಾಲ ಸಿಲುಕಿದ್ದರು. ವಿದ್ಯುತ್ತೂ ನೀರೂ ನಿಂತುಹೋದಾಗ ಅವರು ಹಿಮವನ್ನು ಬಕೆಟ್ಟುಗಳಲ್ಲಿ ತುಂಬಿ ಕರಗಿಸಿದರು. ಮಾರ್ಚ್ ೫ರಂದು ಸಹನೆ ಕಟ್ಟೆಯೊಡೆದು, ನಡೆದಾದರೂ ಗಡಿ ಸೇರುತ್ತೇವೆಂದು ವಿಡಿಯೊ ಹರಿಬಿಟ್ಟರು. ಇದ್ದಲ್ಲಿಯೇ ಇರಿ ಎಂದು ಅಧಿಕಾರಿಗಳು ಬೇಡಿಕೊಂಡರು. ೭ರಂದು ಪ್ರಧಾನಿಯವರು ಎರಡೂ ದೇಶಗಳ ಅಧ್ಯಕ್ಷರೊಂದಿಗೆ ಮಾತನಾಡಿದರು. ೮ರಂದು ಬಸ್ಸುಗಳು ಆ ಮಕ್ಕಳನ್ನು ಪೊಲ್ಟಾವಾ ನಗರಕ್ಕೆ ಸಾಗಿಸಿದವು. ಅಲ್ಲಿಂದ ರೈಲಿನಲ್ಲಿ ಲವೀವ್, ಮುಂದೆ ಪೋಲೆಂಡ್, ೧೧ರಂದು ಭಾರತ. ಒಟ್ಟು ೯೦ ವಿಮಾನಗಳಲ್ಲಿ, ಅವುಗಳಲ್ಲಿ ೧೪ ವಾಯುಪಡೆಯವು, ಜನರನ್ನು ಕರೆತರಲಾಯಿತು. ಮೊದಲೇ ಹೊರಟವರೂ ಸೇರಿ ಸ್ವದೇಶಕ್ಕೆ ಮರಳಿದವರು ಸುಮಾರು ೨೨,೫೦೦ ಮಂದಿ. ಜೊತೆಗೆ ೧೮ ದೇಶಗಳ ೧೪೭ ವಿದೇಶೀಯರೂ ಪಾರಾದರು. ಇದು ನಿಸ್ಸಂದೇಹವಾಗಿ ಹೆಮ್ಮೆಯ ಕಾರ್ಯ. ಆದರೆ ಅದರಲ್ಲಿ ಬಹುಭಾಗ, ಫೆಬ್ರವರಿ ೨೩ಕ್ಕೆ ಮೊದಲು ಟಿಕೆಟ್ ಕೊಂಡು ವಿಮಾನ ಹತ್ತಬಹುದಾಗಿದ್ದವರನ್ನೇ ಆಮೇಲೆ ಬೆಂಕಿಯ ನಡುವಿನಿಂದ ಎತ್ತಿ ತಂದ ಕಾರ್ಯವೆಂಬುದನ್ನು ಮರೆಯಬಾರದು.

ಇಂತಹ ಪ್ರಸಂಗ ಚರಿತ್ರೆಯಲ್ಲಿ ಮೊದಲನೆಯದಲ್ಲ. ಕೆರಿಬಿಯನ್ ಸಮುದ್ರದ ಗ್ರೆನಡಾ ಎಂಬ ಪುಟ್ಟ ದ್ವೀಪದೇಶದ ಸೇಂಟ್ ಜಾರ್ಜಸ್ ವಿಶ್ವವಿದ್ಯಾಲಯದಲ್ಲಿ ೧೯೮೩ರಲ್ಲಿ ಸುಮಾರು ೬೦೦ ಅಮೆರಿಕನ್ ವಿದ್ಯಾರ್ಥಿಗಳು ವೈದ್ಯಕೀಯ ಓದುತ್ತಿದ್ದರು. ತಮ್ಮ ದೇಶದಲ್ಲಿ ಸೀಟು ಸಿಗದೆ ಹೊರಗೆ ಹೋದವರು ಅವರಲ್ಲಿಯೂ ಅನೇಕರಿದ್ದರು. ಕಾರಣಗಳು ನಮಗೆ ಪರಿಚಿತವೇ ಅಲ್ಲವೇ? ಅಕ್ಟೋಬರ್ ೧೯ರಂದು, ಪದಚ್ಯುತರಾಗಿದ್ದ ಪ್ರಧಾನಿ ಮಾರಿಸ್ ಬಿಷಪ್ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಸೇನಾಧಿಕಾರಿಗಳು ಹಗಲೂ ರಾತ್ರಿ ಕರ್ಫ್ಯೂ ವಿಧಿಸಿ, ಹೊರಬಂದವರಿಗೆ ಗುಂಡಿಕ್ಕುವುದಾಗಿ ಸಾರಿದರು. ೨೫ರಂದು ಅಮೆರಿಕದ ಸೇನೆ ದ್ವೀಪದ ಮೇಲೆ ಇಳಿಯಿತು. ಅಧ್ಯಕ್ಷ ರೇಗನ್ ಅವರು ವಿದ್ಯಾರ್ಥಿಗಳ ರಕ್ಷಣೆಯನ್ನೇ ಮುಖ್ಯ ಕಾರಣಗಳಲ್ಲೊಂದಾಗಿ ಹೇಳಿದರು. ಆ ದಾಳಿ ನ್ಯಾಯವೇ ಎಂಬ ವಾದ ಇನ್ನೂ ಮುಗಿದಿಲ್ಲ. ವಿಶ್ವಸಂಸ್ಥೆಯ ಮಹಾಸಭೆಯು ಅದೇ ನವೆಂಬರ್ ೨ರಂದು ಅದನ್ನು ಖಂಡಿಸಿತು.

ನನ್ನ ಗಮನ ಸೆಳೆದದ್ದು ಬೇರೆ ಸಂಗತಿ. ವಿಮಾನ ನಿಲ್ದಾಣದ ಪಕ್ಕದ ಟ್ರೂ ಬ್ಲೂ ಎಂಬ ಆವರಣವನ್ನು ಸೈನಿಕರು ಮೊದಲ ದಿನವೇ ತಲುಪಿದರು. ಅಲ್ಲಿದ್ದ ವಿದ್ಯಾರ್ಥಿಗಳೇ, ನಮಗಿಂತ ಹೆಚ್ಚು ಮಂದಿ ಗ್ರಾಂಡ್ ಆನ್ಸ್ ಎಂಬ ಇನ್ನೊಂದು ಆವರಣದಲ್ಲಿದ್ದಾರೆ ಎಂದು ತಿಳಿಸಬೇಕಾಯಿತು! ಮಕ್ಕಳನ್ನು ರಕ್ಷಿಸಲು ಸಮುದ್ರ ದಾಟಿ ಬಂದ ಮಹಾಸೇನೆಗೆ ಮಕ್ಕಳು ಎಲ್ಲಿದ್ದಾರೆಂಬುದೇ ಗೊತ್ತಿರಲಿಲ್ಲ. ಮರುದಿನ ಹೆಲಿಕಾಪ್ಟರುಗಳಲ್ಲಿ ಅವರನ್ನು ಕರೆತಂದರು. ಬಲವೂ ಧನವೂ ಎಷ್ಟಿದ್ದರೇನು, ಯಾರು ಎಲ್ಲಿದ್ದಾರೆಂಬ ಪಟ್ಟಿ ಇಲ್ಲದಿದ್ದರೆ ರಕ್ಷಣೆ ಕುರುಡಾಗುತ್ತದೆ. ಈ ದೃಷ್ಟಿಯಿಂದ ೨೦೨೨ರ ಜನವರಿಯ ನೋಂದಣಿ ಬಹು ದೊಡ್ಡ ಕೆಲಸವೆಂದು ನನ್ನ ಭಾವನೆ. ಅದೂ ಒಂದು ಹಾಜರಿ ಪುಸ್ತಕವೇ. ಆದರೆ ಅದರಲ್ಲಿ ಹೆಸರು ಬರೆದದ್ದು ಮಕ್ಕಳನ್ನು ಮನೆಗೆ ಕಳುಹಿಸುವುದಕ್ಕೆ.

ಅನಂತರದ ವರ್ಷಗಳಲ್ಲಿ ಮತ್ತೆರಡು ಪರೀಕ್ಷೆಗಳು ಬಂದವು. ೨೦೨೪ರ ಜುಲೈ ತಿಂಗಳಿನಲ್ಲಿ ಬಾಂಗ್ಲಾದೇಶದಲ್ಲಿ ಮೀಸಲಾತಿ ವಿರೋಧಿ ಚಳವಳಿ ಹಿಂಸೆಗೆ ತಿರುಗಿತು. ಇಂಟರ್ನೆಟ್ ಸ್ಥಗಿತವಾಯಿತು, ಕರ್ಫ್ಯೂ ಬಂತು. ಅಲ್ಲಿ ಓದುತ್ತಿದ್ದ ನಮ್ಮ ವಿದ್ಯಾರ್ಥಿಗಳು ಕಾದು ಕೂರಲಿಲ್ಲ. ಕೆಲವೇ ದಿನಗಳಲ್ಲಿ ೬,೭೦೦ಕ್ಕೂ ಹೆಚ್ಚು ಮಂದಿ ಗಡಿ ಠಾಣೆಗಳ ಮೂಲಕವೂ ವಿಮಾನಗಳ ಮೂಲಕವೂ ಮರಳಿದರು. ೨೦೨೫ರ ಜೂನ್‌ನಲ್ಲಿ ಇಸ್ರೇಲ್ ಮತ್ತು ಇರಾನ್ ನಡುವೆ ಯುದ್ಧ ಭುಗಿಲೆದ್ದಾಗ ಉತ್ತರ ಇರಾನಿನ ೧೧೦ ವಿದ್ಯಾರ್ಥಿಗಳನ್ನು ನೆಲದ ದಾರಿಯಲ್ಲಿ ಅರ್ಮೇನಿಯಾಕ್ಕೆ ದಾಟಿಸಿ, ೧೯ರ ನಸುಕಿನಲ್ಲಿ ದೆಹಲಿಗೆ ತರಲಾಯಿತು. ಅದು 'ಆಪರೇಷನ್ ಸಿಂಧು'ವಿನ ಮೊದಲ ವಿಮಾನ. ದಾರಿ ತೆರೆದಿರುವಾಗಲೇ ಹೊರಡಬೇಕೆಂಬ ಪಾಠವನ್ನು ಸರ್ಕಾರವೂ ಮಕ್ಕಳೂ ಕಲಿತಂತೆ ಕಾಣುತ್ತದೆ.

ಕಲಿಯದೇ ಉಳಿದ ಪಾಠವೊಂದಿದೆ. ಜೀವ ಉಳಿಸಿಕೊಂಡು ಬಂದವನ ಓದು ಏನಾಗಬೇಕು? ಉಕ್ರೇನಿನಿಂದ ಬಂದವರು ತಿಂಗಳುಗಟ್ಟಲೆ ಇಲ್ಲಿನ ಕಾಲೇಜುಗಳ ಬಾಗಿಲು ತಟ್ಟಿದರು, ನ್ಯಾಯಾಲಯಕ್ಕೆ ಹೋದರು. ೨೦೨೨ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಬೇರೆ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಓದು ಮುಂದುವರಿಸಲು ಅವಕಾಶ ನೀಡಿತು. ೨೦೨೩ರ ಮಾರ್ಚ್‌ನಲ್ಲಿ, ಕೊನೆಯ ವರ್ಷದವರಿಗೆ ಇಲ್ಲಿಯೇ ಪರೀಕ್ಷೆ ಬರೆಯುವ ಒಂದು ಬಾರಿಯ ಅವಕಾಶದ ಮಾತು ಸುಪ್ರೀಂ ಕೋರ್ಟಿನ ಮುಂದೆ ಬಂತು. ಇವೆಲ್ಲ ಆದದ್ದು ಮಕ್ಕಳು ಬಂದ ಮೇಲೆ. 'ನೀನು ಈಗ ಹೊರಟು ಬಾ, ನಿನ್ನ ವರ್ಷ ಹಾಳಾಗದಂತೆ ನಾವು ನೋಡಿಕೊಳ್ಳುತ್ತೇವೆ' ಎಂಬ ಒಂದು ಭರವಸೆ ೨೦೨೨ರ ಫೆಬ್ರವರಿ ೧೫ರಂದೇ ದೊರೆತಿದ್ದರೆ ಎಷ್ಟು ಮಂದಿ ವಿಮಾನ ಹತ್ತುತ್ತಿದ್ದರೋ! ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ನಮ್ಮ ಅಭ್ಯಾಸ ಈ ವಿಷಯದಲ್ಲಿ ಬದಲಾಗಬೇಕು.

ಆ ಹುಡುಗಿ ಕ್ಷೇಮವಾಗಿ ಬಂದಳು. ಏಪ್ರಿಲ್‌ನಲ್ಲಿ ತಂದೆಯೊಡನೆ ನಮ್ಮ ಮನೆಗೆ ಬಂದಿದ್ದಳು. ನನ್ನ ಪತ್ನಿ ಕೊಟ್ಟ ಪಾನಕವನ್ನು ಕುಡಿದು, ಲೋಟವನ್ನು ಕೆಳಗಿಡುವಾಗ ಸದ್ದಾಗದಂತೆ ಎಚ್ಚರವಹಿಸಿದಳು. ಹೊರಗೆ ಯಾರೋ ಶಟರ್ ಎಳೆದ ಸದ್ದಿಗೆ ಬೆಚ್ಚಿ ತಂದೆಯ ಕೈ ಹಿಡಿದಳು. ನಾನು, "ತಪ್ಪಾಯಿತು ಮಗಳೇ, ನಿಮ್ಮಪ್ಪನಿಗೆ ಕಾಯಲು ಹೇಳಿದವನು ನಾನು" ಎಂದೆ. "ನೀವು ಹೇಳಿದ್ದರೂ ನಾನು ಬರುತ್ತಿದ್ದೆನೋ ಇಲ್ಲವೋ ಅಜ್ಜ. ತಪ್ಪಿಸಿಕೊಂಡ ಪ್ರತಿಯೊಂದು ತರಗತಿಯನ್ನೂ ಮತ್ತೆ ಮಾಡಿ ಮುಗಿಸಬೇಕಿತ್ತು. ನಮಗೆಲ್ಲರಿಗೂ ಅದರದೇ ಹೆದರಿಕೆ" ಎಂದಳು. ಅವಳ ಮಾತಿನಲ್ಲಿ ನನ್ನ ಮೇಲಿನ ಕರುಣೆ ಎಷ್ಟಿತ್ತೋ, ಸತ್ಯ ಎಷ್ಟಿತ್ತೋ ನಾನು ಕೇಳಲಿಲ್ಲ. ಈಗ ಬೇರೊಂದು ದೇಶದಲ್ಲಿ ಓದು ಮುಂದುವರಿಸಿದ್ದಾಳೆ.

ಅವಳು ಹೋದ ಮೇಲೆ ನನ್ನ ವೃತ್ತಿಜೀವನವನ್ನು ಹಿಂದಿರುಗಿ ನೋಡಿದೆ. ಹೊಳೆ ತುಂಬಿ ಹರಿಯುತ್ತಿದ್ದ ದಿನವೂ 'ಏಕೆ ಬರಲಿಲ್ಲ?' ಎಂದು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಆ ಪೈಕಿ ಕೆಲವರು ಇದನ್ನು ಓದುತ್ತಿರಬಹುದು. ಅವರು ಈ ಮಾಸ್ತರನನ್ನು ಕ್ಷಮಿಸಲಿ. ಹಾಜರಿ ಪುಸ್ತಕವಿರುವುದು ಮಗುವಿಗಾಗಿ ಎಂಬುದು ನಿವೃತ್ತನಾದ ಮೇಲೆ ತಿಳಿಯಿತು.

ನಿಮ್ಮಲ್ಲಿ ಹಲವರ ಮಕ್ಕಳು ಈಗ ಹೊರದೇಶಗಳಲ್ಲಿ ಓದುತ್ತಿದ್ದಾರೆ, ಇನ್ನು ಕೆಲವರು ಹೊರಡುವ ಸಿದ್ಧತೆಯಲ್ಲಿದ್ದಾರೆ. ಅವರಿಗೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಮೇಲಿನ ಇತಿಹಾಸದಿಂದ ಹುಟ್ಟಿದ ನಾಲ್ಕು ಮಾತುಗಳನ್ನು ಮಾತ್ರ ಹೇಳುತ್ತೇನೆ. ಹೋದ ವಾರದಲ್ಲಿಯೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು, ವಾಸದ ವಿಳಾಸ ನೋಂದಾಯಿಸಲಿ, ಮನೆ ಬದಲಿಸಿದರೆ ಅದನ್ನೂ ತಿಳಿಸಲಿ. ಪಾಸ್‌ಪೋರ್ಟ್, ಅಂಕಪಟ್ಟಿಗಳ ಪ್ರತಿಗಳನ್ನೂ ಮುಖ್ಯವಾದ ದೂರವಾಣಿ ಸಂಖ್ಯೆಗಳನ್ನೂ ಕಾಗದದ ಮೇಲೆ ಇಟ್ಟುಕೊಳ್ಳಲಿ, ಏಕೆಂದರೆ ಆಪತ್ತಿನಲ್ಲಿ ಮೊದಲು ಸಾಯುವುದು ಫೋನು. ಆ ದೇಶದ ಭಾಷೆಯನ್ನು ಹತ್ತು ವಾಕ್ಯಗಳಷ್ಟಾದರೂ ಕಲಿಯಲಿ. ಕಟ್ಟಕಡೆಯದಾಗಿ, ಹೊರಡಿರೆಂಬ ಮೊದಲ ಸೂಚನೆ ಬಂದ ದಿನವೇ ಹೊರಡಲಿ. ಅಪಾಯ ಬಾರದೆ ಹೋದರೆ ನಷ್ಟವಾಗುವುದು ಒಂದು ಟಿಕೆಟ್ಟಿನ ಹಣ, ಹೆಚ್ಚೆಂದರೆ ಒಂದು ಸೆಮಿಸ್ಟರ್.

ಆ ದಿನ ನಿಮ್ಮ ಮಗಳೋ ಮಗನೋ 'ತರಗತಿ ತಪ್ಪುತ್ತದೆ' ಎಂದು ಹಿಂಜರಿದರೆ, ನಿಮ್ಮ ಹಳೆಯ ಮೇಷ್ಟ್ರು ರಜೆ ಮಂಜೂರು ಮಾಡಿದ್ದಾರೆಂದು ಹೇಳಿರಿ.